ಕಾರಿನ ಗಾಜಿನ ಮೇಲೊಂದು ಮೂಲೆಮಟ್ಟ: ಫ್ರೀಮೇಸನ್ ಆದರೆ ಕೆಲಸ ಸಲೀಸಾಗುತ್ತದೆಯೇ?

ಅಕ್ಕನ ಮಗ ಮಂಡ್ಯದಿಂದ ಬಂದಿದ್ದ. ಸಿವಿಲ್ ಓದಿ ಸಣ್ಣಪುಟ್ಟ ಸರ್ಕಾರಿ ಕಾಮಗಾರಿ ಹಿಡಿಯುತ್ತಾನೆ. ಚರಂಡಿ, ಶಾಲೆ ಕಾಂಪೌಂಡು, ನಾಲೆಯ ತೂಬು, ಇಂಥವು. ಸರಸ್ವತಿಪುರಂನಲ್ಲಿ ಕಾಫಿ ಕುಡಿದು ಹೊರಗೆ ಬಂದರೆ ಎದುರಿಗೆ ನಿಂತಿದ್ದ ಕಾರಿನ ಹಿಂದಿನ ಗಾಜಿಗೆ ಕಣ್ಣು ನೆಟ್ಟ. "ನೋಡ್ ಮಾವ, ಮೂಲೆಮಟ್ಟ, ಕೈವಾರ. ನಮ್ ಮೇಸ್ತ್ರಿ ಸಾಮಾನು. ಮಧ್ಯ ಜಿ ಅಂತ ಬರ್ದವ್ರೆ" ಅಂದ. ಅದು ಫ್ರೀಮೇಸನ್ ಎಂಬ ಹಳೆಯ ಸಂಘದ ಗುರುತು ಎಂದು ಅವನಿಗೆ ಗೊತ್ತಿತ್ತು. "ನನ್ನೂ ಕರೀತಾವ್ರೆ ಇದ್ಕೆ. ಸೇರ್ಕಂಡ್ರೆ ದೊಡ್ಡೋರ ಪರಿಚಯ ಆಯ್ತದೆ, ಕೆಲ್ಸ ಸಲೀಸಾಯ್ತದೆ ಅಂತಾರೆ. ನಿಜ್ವಾ?"

ನಿಂತಲ್ಲೇ ಉತ್ತರ ಹೇಳುವಷ್ಟು ಸಣ್ಣ ಪ್ರಶ್ನೆ ಅದಲ್ಲ. ಅವತ್ತು ಅವನಿಗೆ ಹೇಳಿದ್ದನ್ನೂ ಆಮೇಲೆ ಯೋಚಿಸಿದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಈ ಪ್ರಶ್ನೆ ಅವನೊಬ್ಬನದಲ್ಲ. ಮೈಸೂರಿನಲ್ಲೂ ಮೇಸನ್ನರು ಸಭೆ ಸೇರುವ ಲಾಡ್ಜ್ ಇದೆ. ಲಾಡ್ಜ್ ಅಂದರೆ ನಮಗೆ ಬಸ್ ಸ್ಟ್ಯಾಂಡ್ ಹತ್ತಿರ ರೂಮು ಸಿಗುವ ಜಾಗ. ಹಾಗಾಗಿ ಬೋರ್ಡು ಕಂಡರೂ ಒಳಗೆ ಏನು ನಡೆಯುತ್ತದೆ ಎಂದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಗೊತ್ತಿಲ್ಲದ ಜಾಗದ ಸುತ್ತ ಕಥೆಗಳು ಬೇಗ ಬೆಳೆಯುತ್ತವೆ. ಉತ್ತರ ಭಾರತದ ಊರುಗಳಲ್ಲಿ ಮೇಸನ್ನರ ಹಾಲನ್ನು ಜನ 'ಜಾದೂಘರ್' ಎಂದೇ ಕರೆದರು.

ಹೆಸರಿನಿಂದಲೇ ಶುರು ಮಾಡೋಣ. ಮೇಸನ್ ಎಂದರೆ ಕಲ್ಲು ಕೆಲಸದವನು. ಇಂಗ್ಲೆಂಡ್, ಸ್ಕಾಟ್ಲೆಂಡಿನಲ್ಲಿ ದೊಡ್ಡ ಚರ್ಚುಗಳನ್ನು ಕಟ್ಟುತ್ತಿದ್ದ ಕಾಲದಲ್ಲಿ ಕಟ್ಟಡದ ಪಕ್ಕ ಒಂದು ಶೆಡ್ ಇರುತ್ತಿತ್ತು. ಉಳಿ, ಸುತ್ತಿಗೆ ಇಡಲು, ಉಣ್ಣಲು, ಮಧ್ಯಾಹ್ನ ಒರಗಲು ಅದೇ ಜಾಗ. ಆ ಶೆಡ್ಡಿನ ಹೆಸರೇ ಲಾಡ್ಜ್. ಇವತ್ತಿಗೂ ನಮ್ಮ ಕಡೆ ಮನೆ ಕಟ್ಟುವಾಗ ಸೈಟಿನ ಮೂಲೆಯಲ್ಲಿ ತಗಡು ಹೊದಿಸಿ ಹಾಕುವುದು ಅದೇ ಶೆಡ್ಡು. ಹದಿನೇಳನೇ ಶತಮಾನದ ಹೊತ್ತಿಗೆ ಉಳಿ ಹಿಡಿದೇ ಗೊತ್ತಿಲ್ಲದ ಜಮೀನ್ದಾರರು, ಪಂಡಿತರು ಈ ಗುಂಪುಗಳೊಳಗೆ ಬರತೊಡಗಿದರು. 1717ರ ಜೂನ್ 24ರಂದು ಲಂಡನ್ನಿನ ನಾಲ್ಕು ಲಾಡ್ಜುಗಳು ಒಂದು ಹೆಂಡದಂಗಡಿಯಲ್ಲಿ ಸೇರಿ ಗ್ರ್ಯಾಂಡ್ ಲಾಡ್ಜ್ ಎಂಬ ಮೇಲಿನ ಸಂಸ್ಥೆ ಮಾಡಿಕೊಂಡವೆಂದು ಅವರ ಪರಂಪರೆ ಹೇಳುತ್ತದೆ. 1723ರಲ್ಲಿ ನಿಯಮಗಳು ಅಚ್ಚಾದವು. ಕಲ್ಲು ಹೋಯಿತು, ಸಾಮಾನುಗಳು ಸಂಕೇತವಾಗಿ ಉಳಿದವು. ಮೂಲೆಮಟ್ಟ ಎಂದರೆ ನಡತೆ ನೇರವಾಗಿರಲಿ, ಕೈವಾರ ಎಂದರೆ ಆಸೆಗೆ ಒಂದು ಗೆರೆ ಇರಲಿ. ಆ ಜಿ ಅಕ್ಷರವನ್ನು ಕೆಲವರು ದೇವರು ಎಂದು ಓದುತ್ತಾರೆ, ಕೆಲವರು ರೇಖಾಗಣಿತ ಎಂದು.

ಸದಸ್ಯನಾಗಲು ದೇವರೊಬ್ಬನಿದ್ದಾನೆ ಎಂದು ನಂಬಬೇಕು. ಯಾವ ದೇವರು ಎಂದು ಕೇಳುವುದಿಲ್ಲ. ಒಳಗಿರುವವರೇ ಹೆಸರು ಸೂಚಿಸಿ ಅನುಮೋದಿಸಬೇಕು. ಆಮೇಲೆ ಗುಟ್ಟಿನ ಮತದಾನ. ಒಪ್ಪಿಗೆಯಾದರೆ ಬಿಳಿ ಗುಂಡು, ಬೇಡವಾದರೆ ಕಪ್ಪು ಗುಂಡು ಹಾಕುವ ಪದ್ಧತಿ. ಬೆರಳೆಣಿಕೆಯ ಕಪ್ಪು ಗುಂಡು ಬಿದ್ದರೂ ಬಾಗಿಲು ಮುಚ್ಚಿತು. ಒಳಗೆ ಬಂದವನಿಗೆ ಮೂರು ಮೆಟ್ಟಿಲು: ಮೊದಲು ಕೆಲಸ ಕಲಿಯುವ ಹುಡುಗ, ಆಮೇಲೆ ಜೊತೆಗಾರ, ಕೊನೆಗೆ ಮೇಸ್ತ್ರಿ. ಪ್ರತಿ ಮೆಟ್ಟಿಲಿಗೂ ಒಂದು ನಾಟಕದಂಥ ವಿಧಿ, ಒಂದು ಹಸ್ತಲಾಘವ, ಒಂದು ಸಂಕೇತದ ಮಾತು. ಗುಟ್ಟು ಅನ್ನುವುದೆಲ್ಲ ಇಷ್ಟರಲ್ಲೇ ಇದೆ. ಅದೂ 1730ರಲ್ಲೇ ಲಂಡನ್ನಿನಲ್ಲಿ ಬಯಲಾಯಿತು, ಒಬ್ಬ ಮಾಜಿ ಸದಸ್ಯ ಎಲ್ಲವನ್ನೂ ಅಚ್ಚು ಹಾಕಿಸಿ ಮಾರಿದ. ಲಾಡ್ಜಿನೊಳಗೆ ಧರ್ಮ, ರಾಜಕೀಯ ಮಾತಾಡುವಂತಿಲ್ಲ. ಒಬ್ಬರನ್ನೊಬ್ಬರು ಕರೆಯುವುದು 'ಸಹೋದರ' ಎಂದು. ಈ ಒಂದು ಪದವನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ನಮ್ಮ ದೇಶಕ್ಕೆ ಇದು ಬಂದದ್ದು ಕಂಪನಿಯವರ ಜೊತೆ, 1730ರ ಹೊತ್ತಿಗೆ, ಕಲ್ಕತ್ತೆಗೆ. ಎಲ್ಲರೂ ಸಹೋದರರು ಎಂದು ಹೇಳುತ್ತಿದ್ದ ಲಾಡ್ಜಿನ ಬಾಗಿಲು ಭಾರತೀಯರಿಗೆ ಸುಲಭವಾಗಿ ತೆರೆಯಲಿಲ್ಲ. ಆರ್ಕಾಟಿನ ನವಾಬನ ಮಗನಂಥ ಒಬ್ಬಿಬ್ಬರು ದೊರೆಮಕ್ಕಳಿಗೆ ಹದಿನೆಂಟನೇ ಶತಮಾನದಲ್ಲೇ ಪ್ರವೇಶ ಸಿಕ್ಕಿತು ನಿಜ. ಕಲ್ಕತ್ತೆಯ ವ್ಯಾಪಾರಿ ಪ್ರಸನ್ನ ಕುಮಾರ ದತ್ತ ಮಾತ್ರ 1863ರಿಂದ 1872ರವರೆಗೆ ಕಾಯಬೇಕಾಯಿತು. ಹಿಂದೂಗಳಿಗೆ ದೇವರು ಹಲವು, ಹಾಗಾಗಿ ಒಬ್ಬ ದೇವರನ್ನು ನಂಬಿದವರೆಂದು ಹೇಗೆ ಒಪ್ಪುವುದು ಎಂಬುದು ತಡೆದವರ ತಕರಾರು. ಅದಾಗಿ ಹನ್ನೆರಡು ವರ್ಷಕ್ಕೆ, 1884ರಲ್ಲಿ, ಅದೇ ಕಲ್ಕತ್ತೆಯ ಲಾಡ್ಜೊಂದಕ್ಕೆ ನರೇಂದ್ರನಾಥ ದತ್ತ ಎಂಬ ಯುವಕ ಸೇರಿದ. ಮುಂದೆ ಜಗತ್ತು ಅವನನ್ನು ಸ್ವಾಮಿ ವಿವೇಕಾನಂದ ಎಂದು ಅರಿಯಿತು. ಮೋತಿಲಾಲ್ ನೆಹರೂ ಕೂಡ ಮೇಸನ್. 1961ರ ನವೆಂಬರ್ 24ರಂದು ದೆಹಲಿಯಲ್ಲಿ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಹುಟ್ಟಿತು, ರಾಂಪುರದ ನವಾಬರು ಮೊದಲ ಗ್ರ್ಯಾಂಡ್ ಮಾಸ್ಟರ್. ಇಲ್ಲಿನ ಲಾಡ್ಜುಗಳಲ್ಲಿ ಪ್ರಮಾಣ ಮಾಡಲು ಗೀತೆ, ಕುರಾನ್, ಬೈಬಲ್, ಗ್ರಂಥ ಸಾಹಿಬ್ ಎಲ್ಲವನ್ನೂ ಒಟ್ಟಿಗೆ ಇಡುತ್ತಾರೆ. ಅದು ನನಗೆ ಹಿಡಿಸುವ ಸಂಗತಿ.

ಈಗ ಹುಡುಗನ ಪ್ರಶ್ನೆಗೆ ಬರೋಣ. ನಿಯಮದ ಪುಸ್ತಕ ಏನು ಹೇಳುತ್ತದೆ? ಸೇರುವ ದಿನವೇ ಅವನನ್ನು ಕೇಳುತ್ತಾರೆ: ದುಡ್ಡಿನ ಆಸೆಗಾಗಲಿ ಬೇರೆ ಯಾವ ಸಣ್ಣ ಉದ್ದೇಶಕ್ಕಾಗಲಿ ಬಂದಿಲ್ಲ ತಾನೆ? ಇಲ್ಲ ಎಂದು ಅವನು ಎಲ್ಲರ ಮುಂದೆ ಹೇಳಬೇಕು. ಸದಸ್ಯತ್ವವನ್ನು ವ್ಯಾಪಾರಕ್ಕೆ, ಬಡ್ತಿಗೆ, ಸ್ವಂತ ಲಾಭಕ್ಕೆ ಬಳಸುವುದು ತಪ್ಪು ಎಂದು ಇಂಗ್ಲೆಂಡಿನ ಯುನೈಟೆಡ್ ಗ್ರ್ಯಾಂಡ್ ಲಾಡ್ಜ್ ಬರೆದೇ ಇಟ್ಟಿದೆ. ದೇಶದ ಕಾನೂನು ಮೊದಲು, ಲಾಡ್ಜಿನ ಸಹೋದರ ಆಮೇಲೆ ಎಂದೂ ಹೇಳಿದೆ. ಇದನ್ನು ಮನಸಾರೆ ಪಾಲಿಸುವವರು ಬೇಕಾದಷ್ಟು ಜನ ಇದ್ದಾರೆ. ಆಸ್ಪತ್ರೆಗೆ, ಶಾಲೆಗೆ ಹಣ ಕೂಡಿಸಿ ಕೊಟ್ಟು ಹೆಸರು ಹಾಕಿಸಿಕೊಳ್ಳದವರೂ ಅವರಲ್ಲಿದ್ದಾರೆ. ಆದರೂ ಇಂಥ ಪ್ರಶ್ನೆಯನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಬೇಕಾಗಿದೆ ಎಂದರೆ, ಆ ಆಸೆ ಇಟ್ಟುಕೊಂಡು ಬರುವವರೂ ಇದ್ದಾರೆ ಎಂದೇ ಅರ್ಥ.

ಹಾಗಾದರೆ ಲಾಭ ಬರುವುದು ಎಲ್ಲಿಂದ? ಹಸ್ತಲಾಘವದಿಂದಲ್ಲ. 1973ರಲ್ಲಿ ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ ಒಂದು ಸರಳ ಲೆಕ್ಕ ಮುಂದಿಟ್ಟ. ಬಾಸ್ಟನ್ ಹತ್ತಿರದ ಊರೊಂದರಲ್ಲಿ ಪರಿಚಯದವರ ಮೂಲಕ ಕೆಲಸ ಹಿಡಿದವರನ್ನು, ಆ ಪರಿಚಯದವರನ್ನು ನೀವು ಎಷ್ಟು ಸಲ ನೋಡುತ್ತಿದ್ದಿರಿ ಎಂದು ಕೇಳಿದ. ಆಗಾಗ ಭೇಟಿಯಾಗುತ್ತಿದ್ದೆವು ಎಂದವರು ನೂರಕ್ಕೆ ಹದಿನೇಳು ಮಂದಿ ಮಾತ್ರ. ಅಪರೂಪಕ್ಕೊಮ್ಮೆ ಎಂದವರು ಇಪ್ಪತ್ತೆಂಟು. ಉಳಿದ ಐವತ್ತೈದು ಮಂದಿ ನಡುವಿನವರು, ಯಾವಾಗಲೋ ಒಮ್ಮೊಮ್ಮೆ ಸಿಗುತ್ತಿದ್ದವರು. ಕಾರಣ ಸುಲಭ. ಜೀವದ ಗೆಳೆಯನಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ತಿಂಗಳಿಗೊಮ್ಮೆ ಸಿಗುವ ಬ್ಯಾಂಕಿನವರು, ಡಾಕ್ಟರು, ವಕೀಲರು, ಇಂಜಿನಿಯರು ಬೇರೆ ಲೋಕದ ಸುದ್ದಿ ತರುತ್ತಾರೆ. ಲಾಡ್ಜ್ ಆಗಲಿ, ರೋಟರಿ, ಲಯನ್ಸ್ ಆಗಲಿ, ನಮ್ಮ ಕ್ಲಬ್ಬುಗಳ ಇಸ್ಪೀಟು ಟೇಬಲ್ಲಾಗಲಿ, ಕೊಡುವುದು ಇದನ್ನೇ. ಸುದ್ದಿ ಮೊದಲು ತಲುಪುವುದು.

ಸುದ್ದಿ ಮೊದಲು ತಲುಪಿದರೆ ಏನು ಮಹಾ ಅನ್ನಬಹುದು. ನಮ್ಮಪ್ಪನ ಕಬ್ಬಿನ ಕಥೆ ಹೇಳುತ್ತೇನೆ. ಕಬ್ಬು ಕಾರ್ಖಾನೆಗೆ ಹೋಗಬೇಕಾದರೆ ಕಟಾವು ಪರ್ಮಿಟ್ ಬೇಕು. ನಾಟಿಯ ತಾರೀಖು ನೋಡಿ ಸರದಿ ಕೊಡಬೇಕು ಎಂಬುದು ನಿಯಮ. ಒಂದು ವರ್ಷ ನಮ್ಮ ಗದ್ದೆಯ ಸರದಿ ಬರಲೇ ಇಲ್ಲ. ಕಬ್ಬು ಸೂಲಂಗಿ ಬಿಟ್ಟಿತು. ಬೆಳಗಿನ ಬಿಸಿಲಿಗೆ ಬೆಳ್ಳಗೆ ತೂಗಾಡುವ ಆ ಗರಿ ದಾರಿಹೋಕರಿಗೆ ಚಂದ, ಒಡೆಯನಿಗೆ ಹೊಟ್ಟೆಯುರಿ. ಸೂಲಂಗಿ ಬಿಟ್ಟು ನಿಂತ ಕಬ್ಬಿನ ಒಳಗು ಬೆಂಡಾಗುತ್ತಾ ಬರುತ್ತದೆ, ತೂಕ ಇಳಿಯುತ್ತದೆ, ರೈತನಿಗೆ ದುಡ್ಡು ಬರುವುದು ತೂಕಕ್ಕೆ. ಪಕ್ಕದ ಗದ್ದೆಯವರು ನಮಗಿಂತ ತಿಂಗಳು ತಡವಾಗಿ ನೆಟ್ಟಿದ್ದರು. ಅವರ ಕಬ್ಬು ಲಾರಿ ಹತ್ತಿತು. ಯಾರಾದರೂ ಲಂಚ ಕೊಟ್ಟರೇ? ಇಲ್ಲ. ಪಕ್ಕದ ಗದ್ದೆಯ ಹುಡುಗನೂ ಕಾರ್ಖಾನೆಯ ಫೀಲ್ಡ್‌ಮನ್ನೂ ಒಂದೇ ಹಾಸ್ಟೆಲಿನಲ್ಲಿ ಓದಿದವರು. "ನಾಳೆ ಬೆಳಿಗ್ಗೆ ಹೊಸ ಪರ್ಮಿಟ್ ಕೊಡ್ತಾರೆ, ಬೇಗ ಬಂದ್ಬಿಡು" ಎಂದು ಒಂದು ಮಾತು ಹೇಳಿದ್ದ, ಅಷ್ಟೇ. ಅವನ ಮಟ್ಟಿಗೆ ಅದು ಸ್ನೇಹ. ನಮ್ಮಪ್ಪ ಆ ವರ್ಷ ತೂಕದ ಚೀಟಿ ಹಿಡಿದು ಜಗಲಿಯ ಮೇಲೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಆ ಚೀಟಿ ನನ್ನ ಕಣ್ಣಲ್ಲಿ ಹಾಗೇ ಇದೆ.

ಇಲ್ಲಿ ಲಾಡ್ಜ್ ಇರಲಿಲ್ಲ, ಪ್ರಮಾಣ ಇರಲಿಲ್ಲ. 'ನಮ್ಮೋನು' ಎಂಬ ಒಂದು ಪದ ಇತ್ತು. ಮಂಡ್ಯ, ಮೈಸೂರಿನಲ್ಲಿ ಈ ಪದ ಮಾಡುವಷ್ಟು ಕೆಲಸವನ್ನು ಯಾವ ಮೇಸನ್ ಲಾಡ್ಜೂ ಮಾಡಲಾರದು ಎಂದು ನಾನು ಬಲವಾಗಿ ನಂಬುತ್ತೇನೆ. ಜಾತಿ, ಊರು, ಹಾಸ್ಟೆಲ್, ಬ್ಯಾಚು, ಬೀಗರ ಕಡೆಯವರು. ಇವಕ್ಕೆ ಕಪ್ಪು ಗುಂಡಿನ ಮತದಾನವೂ ಬೇಡ.

ಇದು ಹೊಸ ಕಂಡುಹಿಡಿತವೇನಲ್ಲ, ಮೈಸೂರು ಸಂಸ್ಥಾನ ನೂರು ವರ್ಷದ ಹಿಂದೆಯೇ ಇದನ್ನು ತಲೆ ಎಣಿಸಿ ನೋಡಿತ್ತು. ಸರ್ಕಾರಿ ನೌಕರಿಗಳು ಒಂದೇ ಸಮುದಾಯದ ಕೈಯಲ್ಲಿವೆ ಎಂಬ ದೂರು ಬಲವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಡಿಮೆಯಿಲ್ಲದಂತೆ ಹಿಂದುಳಿದ ಸಮುದಾಯದವರು ಇರಬೇಕು ಎಂದು ಸಮಿತಿ ಹೇಳಿತು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಈ ಹಾದಿ ಒಪ್ಪಿಗೆಯಾಗಿರಲಿಲ್ಲ, ವರದಿ ಬರುವ ಮೊದಲೇ ಅವರು ಹುದ್ದೆ ಬಿಟ್ಟಿದ್ದರು. ಅವರ ವಾದವನ್ನು ಬದಿಗಿಟ್ಟು ನಾನು ಹಿಡಿದುಕೊಳ್ಳುವುದು ಒಂದನ್ನು. ಆ ನೌಕರಿಗಳ ಹಿಂದೆ ಗುಟ್ಟಿನ ಸಂಘ ಯಾವುದೂ ಇರಲಿಲ್ಲ. ಓದು ಮೊದಲು ಸಿಕ್ಕವರು ಮೊದಲು ಒಳಗೆ ಹೋದರು, ಒಳಗಿದ್ದವರು ತಮಗೆ ಗೊತ್ತಿದ್ದವರನ್ನು ಕರೆದರು. ಸಂಚು ಇಲ್ಲದೆಯೂ ಅನ್ಯಾಯ ಆಗುತ್ತದೆ. ಎಣಿಸಿ ನೋಡಿದಾಗ ಮಾತ್ರ ಕಾಣುತ್ತದೆ.

ಹಾಗೆಂದು ಮೇಸನ್ನರ ಬಗ್ಗೆ ಇರುವ ಅನುಮಾನವೆಲ್ಲ ಬರೀ ಗಾಳಿಮಾತು ಎನ್ನಲಾಗದು. ಇಟಲಿಯ ಉದಾಹರಣೆ ಕಣ್ಣ ಮುಂದಿದೆ. 1981ರ ಮಾರ್ಚ್ 17ರಂದು ಲೀಚೊ ಜೆಲ್ಲಿ ಎಂಬವನ ಜಾಗಗಳ ಮೇಲೆ ಪೊಲೀಸರು ದಾಳಿ ಮಾಡಿದಾಗ 962 ಹೆಸರುಗಳ ಪಟ್ಟಿ ಸಿಕ್ಕಿತು. ಮಂತ್ರಿಗಳು, ಸಂಸದರು, ಸೇನೆಯ ಹಿರಿಯರು, ಗುಪ್ತಚರ ಇಲಾಖೆಯ ಮುಖ್ಯಸ್ಥರು, ಪತ್ರಿಕೆಯವರು, ಬ್ಯಾಂಕಿನವರು. ಆಗಿನ್ನೂ ಉದ್ಯಮಿಯಾಗಿದ್ದ, ಮುಂದೆ ಇಟಲಿಯ ಪ್ರಧಾನಿಯಾದ ಸಿಲ್ವಿಯೊ ಬೆರ್ಲುಸ್ಕೋನಿಯ ಹೆಸರೂ ಇತ್ತು. ಅದು ಪಿ-2 ಎಂಬ ಲಾಡ್ಜ್. ಇಟಲಿಯ ಮೇಸನ್ ಸಂಸ್ಥೆಯೇ 1976ರಲ್ಲಿ ಅದನ್ನು ಅಮಾನತು ಮಾಡಿತ್ತು. ಅದು ಉಳಿದ ಮೇಸನ್ನರಿಗೂ ಕಾಣದಂತೆ ನಡೆಯುತ್ತಿತ್ತು. ಕ್ಲಬ್ಬಿನೊಳಗೊಂದು ಗುಪ್ತ ಕ್ಲಬ್ಬು. ಸರ್ಕಾರ ಬಿದ್ದುಹೋಯಿತು, 1982ರಲ್ಲಿ ಗುಪ್ತ ಸಂಘಗಳನ್ನು ನಿಷೇಧಿಸುವ ಕಾನೂನು ಬಂತು.

ಇಂಗ್ಲೆಂಡಿನ ಕಥೆ ಇಷ್ಟು ನೇರವಲ್ಲ, ಆದರೆ ನಮಗೆ ಹೆಚ್ಚು ಪಾಠ ಇರುವುದು ಅಲ್ಲೇ. 1987ರಲ್ಲಿ ಡೇನಿಯಲ್ ಮಾರ್ಗನ್ ಎಂಬ ಖಾಸಗಿ ಪತ್ತೇದಾರನನ್ನು ದಕ್ಷಿಣ ಲಂಡನ್ನಿನಲ್ಲಿ ಕೊಡಲಿಯಿಂದ ಕೊಂದರು. ಐದೈದು ಸಲ ತನಿಖೆಯಾದರೂ ಯಾರಿಗೂ ಶಿಕ್ಷೆಯಾಗಲಿಲ್ಲ. ತನಿಖೆಯಲ್ಲಿದ್ದ ಪೊಲೀಸರಲ್ಲಿ ಮೇಸನ್ನರಿದ್ದರು, ಒಬ್ಬರನ್ನೊಬ್ಬರು ಕಾಪಾಡಿಕೊಂಡರು ಎಂಬ ಅನುಮಾನ ಆ ಕುಟುಂಬವನ್ನು ಬಿಡಲೇ ಇಲ್ಲ. ಸ್ವತಂತ್ರ ಸಮಿತಿ 2021ರಲ್ಲಿ ವರದಿ ಕೊಟ್ಟಾಗ, ಮೇಸನ್ ನಂಟು ಬಳಸಿ ತನಿಖೆ ಕೆಡಿಸಿದ್ದಕ್ಕೆ ಸಾಕ್ಷ್ಯ ಕಂಡಿಲ್ಲ ಎಂದಿತು. ಆದರೆ ಆ ನಂಟು ಮತ್ತೆ ಮತ್ತೆ ಅಪನಂಬಿಕೆ ಹುಟ್ಟಿಸಿತು, ಆದ್ದರಿಂದ ಪೊಲೀಸರು ತಮ್ಮ ಸದಸ್ಯತ್ವವನ್ನು ಇಲಾಖೆಗೆ ತಿಳಿಸಬೇಕು ಎಂದೂ ಹೇಳಿತು. ಈ ಎರಡು ಮಾತನ್ನೂ ಒಟ್ಟಿಗೆ ಓದಬೇಕು. ತಪ್ಪು ನಡೆದಿಲ್ಲದೆ ಇರಬಹುದು. ಆದರೆ ಮುಚ್ಚಿಟ್ಟದ್ದರಿಂದಲೇ ನೊಂದವರ ಮನೆಯಲ್ಲಿ ನಂಬಿಕೆ ಸತ್ತಿತು. 2025ರ ಡಿಸೆಂಬರಿನಲ್ಲಿ ಲಂಡನ್ ಪೊಲೀಸ್ ಇಲಾಖೆ ಈ ಶಿಫಾರಸನ್ನು ಜಾರಿಗೆ ತಂದಿತು, ಗ್ರ್ಯಾಂಡ್ ಲಾಡ್ಜ್ ಅದನ್ನು ಪ್ರಶ್ನಿಸಿ ಕೋರ್ಟಿಗೆ ಹೋಯಿತು.

ಮೇಸನ್ನರ ಕಡೆಯ ವಾದದಲ್ಲೂ ತೂಕವಿದೆ. 1998ರಿಂದ ಇಂಗ್ಲೆಂಡಿನಲ್ಲಿ ಹೊಸ ನ್ಯಾಯಾಧೀಶರು ತಾವು ಮೇಸನ್ ಹೌದೋ ಅಲ್ಲವೋ ಹೇಳಬೇಕಿತ್ತು. ಹತ್ತು ವರ್ಷ ಕಳೆದ ಮೇಲೆ ನೋಡಿದರೆ ಮೇಸನ್ ಆದ ಕಾರಣಕ್ಕೆ ತಪ್ಪು ಮಾಡಿದ ಪ್ರಕರಣ ಸಿಗಲಿಲ್ಲ. ಅಷ್ಟರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, ಮೇಸನ್ನರನ್ನು ಮಾತ್ರ ಆರಿಸಿ ಹೀಗೆ ಕೇಳುವುದು ತಾರತಮ್ಯ ಎಂದು ಇಟಲಿಯ ಮೊಕದ್ದಮೆಯಲ್ಲಿ 2007ರಲ್ಲಿ ತೀರ್ಪು ಕೊಟ್ಟಿತ್ತು. 2009ರಲ್ಲಿ ಇಂಗ್ಲೆಂಡ್ ಆ ನಿಯಮವನ್ನು ಕೈಬಿಟ್ಟಿತು. ಒಂದು ಸಂಘವನ್ನು ಮಾತ್ರ ಬೊಟ್ಟು ಮಾಡಿ ತೋರಿಸುವುದು ಸರಿಯಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಕೇಳುವುದಾದರೆ ಎಲ್ಲರನ್ನೂ ಕೇಳಬೇಕು.

ನಮ್ಮಲ್ಲಿ ಏನಿದೆ? ಸಂವಿಧಾನದ 19(1)(ಸಿ) ಸಂಘ ಕಟ್ಟುವ ಹಕ್ಕು ಕೊಡುತ್ತದೆ. ದೇಶದ ಸಮಗ್ರತೆಗೆ, ಸಾರ್ವಜನಿಕ ಶಾಂತಿಗೆ, ನೈತಿಕತೆಗೆ ಧಕ್ಕೆ ತರುವ ಸಂಘಕ್ಕೆ ಸೇರಬಾರದು ಎಂದು ಕೇಂದ್ರ ನೌಕರರ 1964ರ ನಡತೆ ನಿಯಮ ಹೇಳುತ್ತದೆ. ಲಾಡ್ಜಾಗಲಿ ಕ್ಲಬ್ಬಾಗಲಿ ಅದಕ್ಕೆ ಸಿಕ್ಕುವುದಿಲ್ಲ. ನ್ಯಾಯಮೂರ್ತಿಗಳು ಇನ್ನೂ ಬಿಗಿಯಾದ ಗೆರೆ ಹಾಕಿಕೊಂಡರು. 1997ರ ಮೇ 7ರಂದು ಸುಪ್ರೀಂ ಕೋರ್ಟ್ ಒಪ್ಪಿದ ನಡತೆಯ ಪಟ್ಟಿಯಲ್ಲಿ, ಕ್ಲಬ್ಬು ಸಂಘಗಳ ಚುನಾವಣೆಗೆ ನಿಲ್ಲಬಾರದು, ತಮ್ಮದೇ ಕೋರ್ಟಿನ ವಕೀಲರ ಜೊತೆ ಹತ್ತಿರದ ಒಡನಾಟ ಬೇಡ ಎಂದಿದೆ.

ನನ್ನನ್ನು ಕಾಡುವುದು ಅದೇ 1964ರ ನಿಯಮದ ಇನ್ನೊಂದು ಮಾತು. ತನ್ನ ಕುಟುಂಬದವರು ಕೆಲಸದಲ್ಲಿರುವ ಅಥವಾ ಅವರ ಹಿತಾಸಕ್ತಿ ಇರುವ ಕಂಪನಿಯ ಗುತ್ತಿಗೆ ಮುಂದೆ ಬಂದರೆ ಅಧಿಕಾರಿ ಅದನ್ನು ಮುಟ್ಟಬಾರದು, ಮೇಲಿನವರಿಗೆ ಕಳಿಸಬೇಕು. ಒಳ್ಳೆಯ ನಿಯಮ. ಆದರೆ ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದು ಅವನನ್ನೂ ಅವನ ಕುಟುಂಬವನ್ನೂ ಮಾತ್ರ. ಹೆಂಡತಿಯ ಫೈಲಾದರೆ ಬೇರೆ ಟೇಬಲ್ಲಿಗೆ ಹೋಗಬೇಕು. ತಿಂಗಳು ತಿಂಗಳೂ ಪಕ್ಕದಲ್ಲಿ ಕೂತು ಉಣ್ಣುವ, ಪ್ರಮಾಣ ಮಾಡಿ ಸಹೋದರ ಎಂದು ಕರೆದ ಲಾಡ್ಜಿನವನದಾದರೆ? ಹಾಸ್ಟೆಲಿನಲ್ಲಿ ಒಂದೇ ರೂಮಿನಲ್ಲಿದ್ದವನದಾದರೆ? ಟ್ರಸ್ಟಿನ ಕಮಿಟಿಯಲ್ಲಿ ಜೊತೆಗಿರುವವನದಾದರೆ? ನಿಯಮದ ಆ ಮಾತು ಸುಮ್ಮನಿದೆ. ಸದಸ್ಯತ್ವ ತಪ್ಪಲ್ಲ. ನಿರ್ಧಾರ ಮಾಡುವವನೂ ಅದರಿಂದ ಲಾಭ ಪಡೆಯುವವನೂ ಒಂದೇ ಪಂಕ್ತಿಯವರು ಎಂಬುದು ಹೊರಗಿನವನಿಗೆ ಗೊತ್ತಾಗದಂತೆ ಇರುವುದೇ ತಪ್ಪು. ಮೇಸನ್, ರೋಟರಿ, ಜಾತಿ ಸಂಘ ಎಲ್ಲಕ್ಕೂ ಒಂದೇ ಅಳತೆ ಸಾಕು: ಫೈಲು ಮುಂದೆ ಬಂದಾಗ ಒಂದು ಸಾಲು ಬರೆದು ಪಕ್ಕಕ್ಕೆ ಸರಿಯುವುದು.

ಇನ್ನೊಂದನ್ನು ಬಿಡುವಂತಿಲ್ಲ. ಭಾರತದ ಗ್ರ್ಯಾಂಡ್ ಲಾಡ್ಜ್ ಗಂಡಸರಿಗೆ ಮಾತ್ರ. ಹೆಂಗಸರೂ ಗಂಡಸರೂ ಕೂಡಿದ ಬೇರೆ ಪಂಥವೊಂದನ್ನು ಆನಿ ಬೆಸೆಂಟ್ ನಮ್ಮಲ್ಲಿಗೆ ತಂದಿದ್ದರು, ಆದರೆ ಮುಖ್ಯ ಸಂಸ್ಥೆ ಅದನ್ನು ತನ್ನದೆಂದು ಒಪ್ಪುವುದಿಲ್ಲ. ಸುದ್ದಿ ಮೊದಲು ತಲುಪುವ ಜಾಗ ಅದಾದರೆ, ಅಕ್ಕನ ಮಗನಷ್ಟೇ ಓದಿ ಅವನಂತೆಯೇ ಗುತ್ತಿಗೆ ಹಿಡಿಯಲು ಹೊರಟ ಹೆಣ್ಣುಮಗಳಿಗೆ ಆ ಸಂಜೆಯ ಊಟದ ಮೇಜು ಇಲ್ಲವೇ ಇಲ್ಲ. ಚಂದಾ, ಸೂಟು, ಊಟದ ಖರ್ಚು ಭರಿಸಲಾಗದವನಿಗೂ ಇಲ್ಲ.

ಅವತ್ತು ಸಂಜೆ ಹುಡುಗನ ಜೊತೆ ಕೂತು ಅವನದೇ ಕೆಲಸದ ಹಾದಿಯನ್ನು ಒಂದೊಂದಾಗಿ ನೋಡಿದೆವು. ಟೆಂಡರಿನಲ್ಲಿ ದರ ಹಾಕುವುದು ಆನ್‌ಲೈನ್. 1999ರ ಪಾರದರ್ಶಕ ಕಾಯ್ದೆಯ ಪ್ರಕಾರ ದರ ಕಡಿಮೆ ಇದ್ದವರಿಗೆ ಕೆಲಸ. ಅಲ್ಲಿ ಸಹೋದರ ಮಾಡಬಹುದಾದದ್ದು ಕಡಿಮೆ. ಅದಕ್ಕಿಂತ ಮುಂಚೆ, ಇಷ್ಟು ವಹಿವಾಟು ಇದ್ದವರು ಮಾತ್ರ ಬರಬಹುದು ಎಂಬ ಷರತ್ತು ಬರೆಯುವಾಗ ಮಾಡಬಹುದು. ಅದಕ್ಕಿಂತ ಹೆಚ್ಚು ಆಮೇಲೆ. ಕೆಲಸ ಮುಗಿದು ಇಂಜಿನಿಯರು ಟೇಪು ಹಿಡಿದು ಅಳೆದು ಎಂ.ಬಿ., ಅಂದರೆ ಅಳತೆ ಪುಸ್ತಕ, ಬರೆಯುತ್ತಾರಲ್ಲ, ಆ ಪುಸ್ತಕದ ಒಂದು ಸಾಲಿನಲ್ಲಿ ಕಾಂಕ್ರೀಟು ನಾಲ್ಕು ಇಂಚೋ ಐದು ಇಂಚೋ ಎಂಬುದು ತೀರ್ಮಾನವಾಗುತ್ತದೆ. ಅಲ್ಲಿ ಇರುವುದು ಇಬ್ಬರೇ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಮಾವ, ನನ್ನ ಶಾಲೆ ಕಾಂಪೌಂಡಿಗೆ ಎಂ.ಬಿ. ಬರೆಯೋ ಸಾಹೇಬ್ರೂ ಅಲ್ಲಿಗೆ ಬತ್ತರಂತೆ. ಅವ್ರೇ ಹೆಸ್ರು ಸೂಚಿಸ್ತೀನಿ ಅಂದವ್ರೆ" ಅಂದ.

ಏನು ಮಾಡುತ್ತೀಯ ಎಂದು ನಾನು ಕೇಳಲಿಲ್ಲ. ಹೊರಡುವಾಗ ಅವನೇ ಬಸ್ಸಿನ ಬಾಗಿಲಲ್ಲಿ ನಿಂತು ಹೇಳಿದ. ಕಾಂಪೌಂಡಿನ ಅಳತೆ ಮುಗಿದು ಕೊನೆಯ ಬಿಲ್ಲು ಆಗುವವರೆಗೆ ಫಾರಂಗೆ ಸಹಿ ಹಾಕುವುದಿಲ್ಲ ಎಂದು ಸಾಹೇಬರಿಗೆ ಫೋನಲ್ಲೇ ತಿಳಿಸುತ್ತಾನಂತೆ. ಮಾರನೆಯ ದಿನ ಫೋನು ಮಾಡಿದ್ದಾನೆ. ಸಾಹೇಬರು "ಸರಿಯಪ್ಪ, ಅದೇ ಒಳ್ಳೇದು" ಎಂದರಂತೆ.